ಶೇಂಗಾ ಬೆಳೆಗೆ ಕುಡಿ ಸಾಯುವ ರೋಗ: ನಂಜಾಣುವಿನ ಗುಟ್ಟು ಮತ್ತು ಹತೋಟಿ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರ ಮತ್ತು ಹಿರೇಕೆರೂರ ತಾಲೂಕುಗಳಲ್ಲಿ ಶೇಂಗಾ, ಮೆಣಸಿನಕಾಯಿ, ಟೊಮ್ಯಾಟೊ ಬೆಳೆಯುವ ರೈತರು ಕುಡಿ ಸಾಯುವ ರೋಗದ ಬಗ್ಗೆ ಎಚ್ಚರ ವಹಿಸುವುದು ಅಗತ್ಯ. ಕುಡಿ ಒಣಗಿದ್ದನ್ನು ಕಂಡ ಮೇಲೆ ಔಷಧಿ ಸಿಂಪಡಿಸಿದರೆ ಹಣ ಖರ್ಚಾಗುವುದೇ ಹೊರತು ಗಿಡ ಗುಣವಾಗುವುದಿಲ್ಲ. ಇದಕ್ಕೆ ಕಾರಣ ನಂಜಾಣುವಿನ ರಚನೆ ಹಾಗೂ ಅದು ಹರಡುವ ರೀತಿಯಲ್ಲಿದೆ.

ರೋಗದ ಲಕ್ಷಣಗಳು

ಶೇಂಗಾದ ಎಳೆ ಎಲೆಗಳ ಮೇಲೆ ತಿಳಿಹಳದಿ ಚುಕ್ಕೆ ಮತ್ತು ಉಂಗುರಗಳು ಮೂಡುತ್ತವೆ. ನಂತರ ಕುಡಿ ಕಂದಾಗಿ ಒಣಗುತ್ತದೆ. ಪಕ್ಕದಿಂದ ಸಣ್ಣ ಎಲೆಗಳ ಚಿಗುರು ಹೊರಟು ಗಿಡ ಕುಳ್ಳಾಗುತ್ತದೆ. ಬಿತ್ತಿದ ತಿಂಗಳೊಳಗೆ ರೋಗ ತಗಲಿದರೆ ಕಾಯಿ ಸಿಗುವುದೇ ಕಷ್ಟ.

ನಂಜಾಣುವಿನ ರಚನೆ

ಟೊಮ್ಯಾಟೊ ಚುಕ್ಕೆ ಬಾಡು ರೋಗದ ನಂಜಾಣುವಿಗೂ ಇದಕ್ಕೂ ಸಂಬಂಧವಿದ್ದರೂ ಇದು ಬೇರೆಯೇ ಎಂದು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1992ರಲ್ಲಿ ತೋರಿಸಿದರು. ಇದರಲ್ಲಿ ಮೂರು ಆರ್‌ಎನ್‌ಎ ಎಳೆಗಳೂ ಅವುಗಳಲ್ಲಿ ಐದು ವಂಶವಾಹಿಗಳೂ ಇವೆ. ಒಂದು ನಂಜಾಣುವಿನ ಪ್ರತಿ ಮಾಡಲು, ಒಂದು ಆರ್‌ಎನ್‌ಎಗೆ ಹೊದಿಕೆ ಒದಗಿಸಲು, ಒಂದು ಗಿಡದ ಕೋಶದಿಂದ ಕೋಶಕ್ಕೆ ಸಾಗಲು, ಇನ್ನೊಂದು ಗಿಡದ ಪ್ರತಿರೋಧವನ್ನು ಅಡಗಿಸಲು ಬೇಕು. ಐದನೆಯದು ಹೊರಕವಚದ ಮೇಲಿನ ಎರಡು ಗ್ಲೈಕೊಪ್ರೋಟೀನುಗಳನ್ನು, ಅಂದರೆ ಸಕ್ಕರೆ ಕೂಡಿದ ಪ್ರೋಟೀನುಗಳನ್ನು ತಯಾರಿಸುತ್ತದೆ.

ಇವು ಥ್ರಿಪ್ಸ್ ನುಸಿಯ ಕರುಳಿನೊಳಕ್ಕೆ ಹೋಗಲು ಬೇಕಾದ ಕೀಲಿಕೈ ಇದ್ದಂತೆ. ಟೊಮ್ಯಾಟೊ ನಂಜಾಣುವಿನ ಹೊರಕವಚವಿಲ್ಲದ ತಳಿಗಳು ಗಿಡದಲ್ಲಿ ಬೆಳೆದರೂ ನುಸಿಯಿಂದ ಹರಡಲಿಲ್ಲ.

ಹರಡುವ ರೀತಿ

ರೋಗಗ್ರಸ್ತ ಗಿಡದ ರಸ ಹೀರಿದ ಮರಿನುಸಿಗೆ ಮಾತ್ರ ನಂಜು ಅಂಟುತ್ತದೆ. ಅದು ರೆಕ್ಕೆ ಬಲಿತ ಮೇಲೆ ಬದುಕಿರುವವರೆಗೂ ರೋಗ ಹರಡುತ್ತದೆ. ಬೇರೆಡೆಯಿಂದ ಹಾರಿಬಂದ ನುಸಿ ಔಷಧಿಯಿಂದ ಸಾಯುವ ಮೊದಲೇ ಗಿಡಕ್ಕೆ ನಂಜು ತಗಲಿಸಿರುತ್ತದೆ. ಬೀಜದಿಂದ ಈ ರೋಗ ಬರುವುದಿಲ್ಲ.

ಹತೋಟಿ ಕ್ರಮಗಳು

1. ನುಸಿ ಮರಿ ಮಾಡುವ ಬದುಗಳ ಕಳೆಯನ್ನು ಬಿತ್ತನೆಗೆ ಮೊದಲೇ ಕಿತ್ತು ನಾಶಪಡಿಸಬೇಕು.
2. ಮುಂಗಾರಿನಲ್ಲಿ ತಡಮಾಡದೆ ಬಿತ್ತಬೇಕು. ಗಿಡಗಳ ಸಂಖ್ಯೆ ಕಡಿಮೆಯಾಗದಂತೆ 30 × 10 ಸೆಂ.ಮೀ. ಅಂತರ ಕಾಯ್ದುಕೊಳ್ಳಬೇಕು.
3. ಹೊಲದ ಸುತ್ತ ಜೋಳ ಅಥವಾ ಸಜ್ಜೆಯ ನಾಲ್ಕು ಸಾಲು ಹಾಕಬೇಕು.
4. ಐಸಿಜಿಎಸ್-11, ಐಸಿಜಿಎಸ್-44ರಂಥ ರೋಗ ಸಹಿಸುವ ತಳಿಗಳು ದೊರೆತಲ್ಲಿ ಬಳಸಬಹುದು.
5. ಮೆಣಸಿನಕಾಯಿ, ಟೊಮ್ಯಾಟೊ ಸಸಿಮಡಿಗಳನ್ನು ಸಣ್ಣ ಕಣ್ಣಿನ ನೈಲಾನ್ ಪರದೆಯಿಂದ ಮುಚ್ಚಬೇಕು.
6. ಎಳೆ ಬೆಳೆಯಲ್ಲಿ ಮರಿನುಸಿ ಕಂಡರೆ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು.

ಒಬ್ಬರ ಹೊಲದ ಕಳೆಯಲ್ಲಿ ಬೆಳೆದ ನುಸಿ ಪಕ್ಕದವರ ಬೆಳೆ ಕೆಡಿಸುತ್ತದೆ. ಆದ್ದರಿಂದ ಊರಿನ ರೈತರೆಲ್ಲರೂ ಕೂಡಿ ಬಿತ್ತನೆಗೆ ಮುನ್ನವೇ ಬದು ಸ್ವಚ್ಛಗೊಳಿಸಿದರೆ ಹೆಚ್ಚಿನ ಪ್ರಯೋಜನವಾಗುತ್ತದೆ.