ಕೈಬರಹ ಹಣೆಬರಹವಲ್ಲ

ಕೈಬರಹ ಕೆಟ್ಟಿದ್ದವರ ಹಣೆಬರಹ ಚೆನ್ನಾಗಿರುತ್ತದೆಂದು ಹಿರಿಯರು ನಗುತ್ತ ಹೇಳುವುದುಂಟು. ಮಗನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅವನ ಕಾಗೆಕಾಲು ಗುಬ್ಬಿಕಾಲುಗಳನ್ನು ಕಂಡು ನಾನೂ ಹಾಗೆಯೇ ನಕ್ಕು ಸುಮ್ಮನಾಗಿದ್ದೆ. ಅವನು ಒಂಬತ್ತನೆಯ ತರಗತಿಗೆ ಬಂದಾಗ ಆ ನಗು ಅಡಗಿತು. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಐದು ಅಂಕಗಳ ಪ್ರಶ್ನೆಗೆ ಮೂರೇ ಸಾಲಿನ ಉತ್ತರವಿತ್ತು; ಅದರ ಪಕ್ಕದಲ್ಲಿ, ಓದಲಾಗುತ್ತಿಲ್ಲವೆಂದು ಕೆಂಪು ಶಾಯಿಯ ಟಿಪ್ಪಣಿ. ಪರೀಕ್ಷೆಯ ಹಿಂದಿನ ರಾತ್ರಿ ಅದೇ ಪಾಠವನ್ನು ಅವನು ತಡವರಿಸದೆ ನನಗೆ ಒಪ್ಪಿಸಿದ್ದನು. ಸೋಮಾರಿಯೆಂದು ಗದರಿದೆ. ಅವನು ತಲೆ ತಗ್ಗಿಸಿ, "ಅಪ್ಪಾ, ಎರಡು ಪುಟ ಬರೆಯುವಷ್ಟರಲ್ಲಿ ಕೈ ನೋಯುತ್ತದೆ. ಗೊತ್ತಿದ್ದರೂ ಕಡಿಮೆ ಬರೆದು ಮುಗಿಸಿಬಿಡುತ್ತೇನೆ" ಎಂದನು.

ಅಂದು ರಾತ್ರಿ ಅವನು ಬರೆಯುವುದನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಿದೆ. ಮುಂಬಯಿಯ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಅವನಿಗೆಂದು ಬೇರೆ ಮೇಜಿರಲಿಲ್ಲ. ಮಂಚದ ಮೇಲೆ ಬೆನ್ನು ಬಾಗಿಸಿ ಕುಳಿತು, ತೊಡೆಯ ಮೇಲೆ ಪುಸ್ತಕವಿಟ್ಟು, ಬೆರಳ ತುದಿಗಳು ಬೆಳ್ಳಗಾಗುವಂತೆ ಪೆನ್ನನ್ನು ಅದುಮಿ ಹಿಡಿದಿದ್ದನು. ನಡುಬೆರಳಿನಲ್ಲಿ ಗುಳಿ ಬಿದ್ದಿತ್ತು. ಪುಟದ ಹಿಂಬದಿಯನ್ನು ಸವರಿದರೆ ಅಕ್ಷರಗಳೆಲ್ಲ ಉಬ್ಬಿ ಕೈಗೆ ಹತ್ತುತ್ತಿದ್ದವು. ಬರವಣಿಗೆಯು ಶರೀರದ ಕೆಲಸವೆಂಬುದನ್ನೂ, ಅದರ ದೋಷವನ್ನು ಬೈಗುಳಿನಿಂದ ಕಳೆಯಲಾಗದೆಂಬುದನ್ನೂ ನಾನು ಅರಿತದ್ದು ಆಗಲೇ.

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಈ ವಿಷಯವನ್ನು ಮರೆಮಾಚದೆ ಬರೆದಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ಇತರ ವಕೀಲರ ಸುಂದರವಾದ ಅಕ್ಷರಗಳನ್ನು ಕಂಡು ತಾವು ನಾಚಿದುದನ್ನೂ, ತಿದ್ದಿಕೊಳ್ಳಲು ಯತ್ನಿಸುವಷ್ಟರಲ್ಲಿ ಕಾಲ ಮೀರಿದ್ದುದನ್ನೂ ಅವರು ಹೇಳಿಕೊಂಡಿದ್ದಾರೆ. ಹದಿನಾಲ್ಕರ ಹುಡುಗನಿಗೆ ಕಾಲವಿನ್ನೂ ಮೀರಿಲ್ಲ.

ಮೊದಲು ಕುಳಿತುಕೊಳ್ಳುವ ರೀತಿ

ಬೇರೆ ಮೇಜು ಇಲ್ಲದಿದ್ದರೆ ಊಟದ ಮೇಜಾದರೂ ಸಾಕು. ಪಾದಗಳು ನೆಲದ ಮೇಲೆ ಊರಿರಬೇಕು; ಎಟುಕದಿದ್ದರೆ ಕೆಳಗೊಂದು ಮಣೆಯನ್ನಿಡಬಹುದು. ಮುಂದೋಳು ಮೇಜಿನ ಮೇಲೆ ನಿರಾಳವಾಗಿ ಒರಗಿರಲಿ. ಬಲಗೈಯವರು ಕಾಗದದ ಮೇಲ್ತುದಿಯನ್ನು ತುಸು ಎಡಕ್ಕೆ ವಾಲಿಸಿ, ಎಡಗೈಯಿಂದ ಅದನ್ನು ಒತ್ತಿ ಹಿಡಿಯಬೇಕು. ಬೆಳಕು ಎಡಗಡೆಯಿಂದ ಬರಲಿ. ಎಡಗೈಯವರಿಗೆ ಇದೆಲ್ಲ ಅದಲುಬದಲು. ಎಡಚ ಮಕ್ಕಳನ್ನು ಬಲಗೈಗೆ ತಿರುಗಿಸುವ ಹಟ ಎಂದಿಗೂ ಸಲ್ಲದು.

ಪೆನ್ನಿನ ತುದಿಯಿಂದ ಸುಮಾರು ಒಂದು ಅಂಗುಲ ಮೇಲೆ ಹೆಬ್ಬೆರಳು, ತೋರುಬೆರಳುಗಳು ಹಿಡಿದಿದ್ದು, ನಡುಬೆರಳು ಕೆಳಗಿನಿಂದ ಆಸರೆ ಕೊಟ್ಟರೆ ಒಳ್ಳೆಯದು. ಆದರೆ ಹಿಡಿತ ಬೇರೆಯಾಗಿದ್ದರೂ ನೋವಿಲ್ಲದೆ ಓದಲು ಬರುವಂತೆ ಬರೆಯುತ್ತಿದ್ದರೆ ಅದನ್ನು ಕೆಡಿಸಬಾರದು. ಒತ್ತಡವನ್ನು ಇಳಿಸಲು ಒಂದು ಉಪಾಯವುಂಟು: ಪೆನ್ಸಿಲಿನಿಂದ, ಕಾಣಿಸಿಯೂ ಕಾಣಿಸದಷ್ಟು ತೆಳುವಾಗಿ ನಾಲ್ಕು ಸಾಲು ಬರೆಯಿಸಿರಿ. ಒತ್ತಿ ಬರೆಯಬೇಕಾದ ಬಾಲ್ ಪೆನ್ನಿಗಿಂತ ಸಲೀಸಾಗಿ ಹರಿಯುವ ಶಾಯಿಯ ಪೆನ್ನಾಗಲಿ, ಜೆಲ್ ಪೆನ್ನಾಗಲಿ ಅನೇಕರ ಕೈಗೆ ಹಿತವಾಗುತ್ತದೆ.

ಅಪರಾಧಿಗಳು ಕೆಲವೇ ಅಕ್ಷರಗಳು

ಬೆಳೆದ ಮಗುವಿನ ಮುಂದೆ ಶಿಶುವರ್ಗದ ಕಾಪಿ ಪುಸ್ತಕವನ್ನಿಟ್ಟರೆ ಅವಮಾನವೆನಿಸುತ್ತದೆ. ಅದರ ಬದಲು, ಅವನದೇ ಒಂದು ಪುಟವನ್ನು ಕೊಟ್ಟು, ಓದಲು ತೊಡಕಾಗುವ ಅಕ್ಷರಗಳಿಗೆ ಅವನೇ ಗುರುತು ಹಾಕಲಿ. ನನ್ನ ಮಗನ ಇಂಗ್ಲಿಷಿನಲ್ಲಿ ಸಿಕ್ಕಿಬಿದ್ದವು ಐದೇ ಅಕ್ಷರಗಳು. 'ಎ' ಅಕ್ಷರದ ಬಾಯಿ ಮುಚ್ಚದೆ 'ಯು' ಆಗಿತ್ತು. 'ಎಚ್' ಅಕ್ಷರದ ಕೋಲು ಗಿಡ್ಡಾಗಿ 'ಎನ್' ಆಗಿತ್ತು. ವಾರಕ್ಕೊಂದು ಅಕ್ಷರವನ್ನು ಹಿಡಿದು, ಮೊದಲು ಬಿಡಿಯಾಗಿ, ಬಳಿಕ ಪದಗಳಲ್ಲಿ, ಕೊನೆಗೆ ವಾಕ್ಯಗಳಲ್ಲಿ ತಿದ್ದಿದೆವು. ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಬರೆಯುವ ವಿಷಯ ಅವನದೇ ಆಯ್ಕೆ, ಹೆಚ್ಚಾಗಿ ಕ್ರಿಕೆಟ್ಟು.

ನಗರಗಳಲ್ಲಿ ಬೆಳೆಯುವ ನಮ್ಮ ಮಕ್ಕಳ ಕೈಗೆ ಇನ್ನೊಂದು ಹೊರೆಯಿದೆ. ಇಂಗ್ಲಿಷ್ ಅಕ್ಷರಗಳು ಗೆರೆಯ ಮೇಲೆ ಕುಳಿತುಕೊಳ್ಳುತ್ತವೆ. ಮರಾಠಿ, ಹಿಂದಿಗಳ ದೇವನಾಗರಿ ಅಕ್ಷರಗಳು ಶಿರೋರೇಖೆಯಿಂದ ಜೋತುಬೀಳುತ್ತವೆ. ಕನ್ನಡದ ದುಂಡು ಅಕ್ಷರಗಳಿಗೆ ಒತ್ತಕ್ಷರಕ್ಕಾಗಿ ಕೆಳಗೂ ಸ್ಥಳ ಬೇಕು. ಆದುದರಿಂದ ಮನೆಯಲ್ಲಿ ಕನ್ನಡ ಬರೆಯಿಸುವವರು ಆರಂಭದಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಿಸುವುದು ಲೇಸು. ಚಿಕ್ಕ ಗುರುತುಗಳ ಮಹತ್ವವನ್ನು ತೋರಿಸಲು ನಮ್ಮ ಭಾಷೆಯಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ. ಅಡಿಯ ಸೀಳೊಂದು ತಪ್ಪಿದರೆ 'ಧನ'ವೆಲ್ಲ 'ದನ'ವಾಗುತ್ತದೆ! ಇದನ್ನು ಹೇಳಿದಾಗ ಮಗನು ಬಹಳ ದಿನಗಳ ಮೇಲೆ ಪುಸ್ತಕದ ಮುಂದೆ ನಕ್ಕನು.

ವೇಗ ಕೊನೆಯಲ್ಲಿ

ಸ್ಪಷ್ಟತೆ ಬಂದ ಮೇಲೆಯೇ ಗಡಿಯಾರವನ್ನು ಮುಂದಿಡಬೇಕು. ಗೊತ್ತಿರುವ ಪಾಠವೊಂದನ್ನು ಐದು ನಿಮಿಷ ಬರೆದು, ಎಷ್ಟು ಪದಗಳಾದವೆಂದು ಅವನೇ ಎಣಿಸಿಕೊಳ್ಳಲಿ. ಅಕ್ಷರ ಕೆಟ್ಟರೆ ವೇಗವನ್ನು ತಗ್ಗಿಸಬೇಕು. ದೀರ್ಘಕಾಲ ಬರೆಯುವಾಗ ನಡುನಡುವೆ ಪೆನ್ನನ್ನು ಕೆಳಗಿಟ್ಟು, ಬೆರಳುಗಳನ್ನು ಅಗಲಿಸಿ ಮುಚ್ಚಿ, ಭುಜಗಳನ್ನು ಸಡಿಲಿಸುವುದು ಅಗತ್ಯ. ಅವನ ಪುಟಗಳನ್ನು ಬಂದ ಅತಿಥಿಗಳಿಗೆ ತೋರಿಸುವುದಾಗಲಿ, ತಂಗಿಯ ಅಕ್ಷರದೊಡನೆ ಹೋಲಿಸುವುದಾಗಲಿ ಕೂಡದು.

ವೈದ್ಯರ ಬಳಿಗೆ ಯಾವಾಗ?

ಚೆನ್ನಾಗಿದ್ದ ಅಕ್ಷರ ಹಠಾತ್ತಾಗಿ ಕೆಟ್ಟರೆ, ಕೈ ನಡುಗಿದರೆ, ನೋವು ಬರೆಯದಿರುವಾಗಲೂ ಉಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಣ್ಣಿನ ಪರೀಕ್ಷೆಯನ್ನೂ ಮರೆಯಬಾರದು. ತಿಂಗಳುಗಟ್ಟಲೆ ಯತ್ನಿಸಿದರೂ ಸುಧಾರಣೆ ಕಾಣದಿದ್ದರೆ, ಅಥವಾ ಓದುವುದರಲ್ಲಿ, ಕಾಗುಣಿತದಲ್ಲಿಯೂ ತೊಡಕಿದ್ದರೆ, ಅದು ಡಿಸ್‌ಗ್ರಾಫಿಯ ಮುಂತಾದ ಕಲಿಕೆಯ ನ್ಯೂನತೆಯಾಗಿರಬಹುದು. ಇಂಥ ನ್ಯೂನತೆಗಳನ್ನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಒಳಗೊಂಡಿದೆ. ತಜ್ಞರ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೇ ಮೊದಲಾದ ಸೌಲಭ್ಯಗಳನ್ನು ಕೇಳಬಹುದು. ಆದುದರಿಂದ ಹತ್ತನೆಯ ತರಗತಿಯವರೆಗೆ ಕಾಯದೆ ಮುಂಚಿತವಾಗಿಯೇ ಶಾಲೆಯಲ್ಲಿ ವಿಚಾರಿಸಬೇಕು.

ನಾಲ್ಕು ತಿಂಗಳುಗಳಲ್ಲಿ ನನ್ನ ಮಗನ ಅಕ್ಷರಗಳು ಪೋಣಿಸಿದ ಮುತ್ತುಗಳಾಗಲಿಲ್ಲ. ಆದರೆ ಮೂರು ಸಾಲಿನ ಉತ್ತರ ಒಂದು ಪುಟವಾಯಿತು, ಕೈನೋವಿನ ದೂರು ನಿಂತಿತು. ದೀಪಾವಳಿಗೆ ಅವನು ಧಾರವಾಡದ ಅಜ್ಜಿಗೆ ಕನ್ನಡದಲ್ಲಿ ಹತ್ತು ಸಾಲಿನ ಕಾಗದ ಬರೆದನು. ಯಾರ ನೆರವೂ ಇಲ್ಲದೆ ತಾವೇ ಓದಿಕೊಂಡೆವೆಂದು ಅವರು ಫೋನಿನಲ್ಲಿ ಎರಡು ಸಲ ಹೇಳಿದರು.

ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರವನ್ನು ತಿದ್ದಿಸಿದವರು ನಾವೇ. ಅಂದು ಅಕ್ಷರ ಸೊಟ್ಟಗಾಯಿತೆಂದು ನಾವಾರೂ ಗದರಲಿಲ್ಲ. ಆ ತಾಳ್ಮೆಯನ್ನು ಹದಿನಾಲ್ಕನೆಯ ವಯಸ್ಸಿನಲ್ಲಿಯೂ ದಿನಕ್ಕೆ ಹದಿನೈದು ನಿಮಿಷ ತೋರಿಸುವುದು ತಂದೆತಾಯಿಗಳಿಗೆ ಕಷ್ಟವಾಗಲಾರದು.