ವಿವಾಹ ಅನೂರ್ಜಿತಗೊಳಿಸುವಿಕೆ

ವಿವಾಹ ಅನೂರ್ಜಿತಗೊಳಿಸುವಿಕೆ ಎಂದರೆ, ನಡೆದ ಮದುವೆಯೊಂದು ಆ ದಿನದಿಂದಲೇ ಕಾನೂನಿನ ದೃಷ್ಟಿಯಲ್ಲಿ ಸಿಂಧುವಾಗಿರಲಿಲ್ಲ ಎಂದು ನ್ಯಾಯಾಲಯ ಘೋಷಿಸುವುದು, ಅಥವಾ ಮೂಲದಲ್ಲೇ ದೋಷವಿದ್ದ ಮದುವೆಯನ್ನು ಡಿಕ್ರಿಯ ಮೂಲಕ ರದ್ದುಪಡಿಸುವುದು. ವಿಚ್ಛೇದನವು ಸಿಂಧುವಾದ ದಾಂಪತ್ಯವನ್ನು ಕೊನೆಗೊಳಿಸುತ್ತದೆ. ಅನೂರ್ಜಿತತೆಯ ಅರ್ಜಿ ಪ್ರಶ್ನಿಸುವುದು ಮದುವೆಯ ದಿನವನ್ನೇ. ಆದ್ದರಿಂದ ಮದುವೆಯ ನಂತರ ಹುಟ್ಟಿದ ಜಗಳ, ಹೊಂದಾಣಿಕೆಯ ಕೊರತೆ ಅಥವಾ ಕಿರುಕುಳ ಎಷ್ಟೇ ಗಂಭೀರವಾಗಿದ್ದರೂ ಅನೂರ್ಜಿತತೆಗೆ ಆಧಾರವಾಗುವುದಿಲ್ಲ. ಮದುವೆಯಾಗಿ ಕೆಲವೇ ವಾರಗಳಾಗಿದ್ದರೆ ಅದನ್ನು ಸುಲಭವಾಗಿ ರದ್ದುಮಾಡಿಸಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ. ಇದಕ್ಕೆ ಕಾನೂನಿನಲ್ಲಿ ಆಧಾರವಿಲ್ಲ. ಮದುವೆಯಾದ ಒಂದು ವರ್ಷದೊಳಗೆ ಸಾಮಾನ್ಯವಾಗಿ ವಿಚ್ಛೇದನದ ಅರ್ಜಿ ಸಲ್ಲಿಸುವಂತಿಲ್ಲ ಎಂಬ ನಿಯಮ ಅನೂರ್ಜಿತತೆಯ ಅರ್ಜಿಗೆ ಅನ್ವಯಿಸದಿರುವುದು ಈ ತಪ್ಪು ಕಲ್ಪನೆಗೆ ಒಂದು ಕಾರಣವಾಗಿರಬಹುದು.

ಹಿಂದೂ ವಿವಾಹ ಅಧಿನಿಯಮ, 1955

ಈ ಅಧಿನಿಯಮವು ದೋಷಯುಕ್ತ ವಿವಾಹಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಸೆಕ್ಷನ್ 11ರ ಪ್ರಕಾರ, ಮದುವೆಯ ವೇಳೆಗೆ ಇಬ್ಬರಲ್ಲಿ ಒಬ್ಬರಿಗೆ ಜೀವಂತ ಪತಿ ಅಥವಾ ಪತ್ನಿ ಇದ್ದರೆ, ಅಥವಾ ಇಬ್ಬರೂ ನಿಷೇಧಿತ ಸಂಬಂಧದವರೋ ಸಪಿಂಡರೋ ಆಗಿದ್ದರೆ, ಆ ವಿವಾಹ ಮೊದಲಿನಿಂದಲೇ ಅನೂರ್ಜಿತ. ಇದಕ್ಕೆ ಕಾಲಮಿತಿ ಇಲ್ಲ. ಡಿಕ್ರಿ ಇಲ್ಲದಿದ್ದರೂ ಅಂತಹ ವಿವಾಹಕ್ಕೆ ಕಾನೂನಿನ ಬಲವಿರುವುದಿಲ್ಲ. ಆದರೆ ಪಾಸ್‌ಪೋರ್ಟ್, ಆಸ್ತಿ, ಮರುಮದುವೆ ಮುಂತಾದ ವಿಷಯಗಳಲ್ಲಿ ತೊಡಕಾಗದಿರಲು ಡಿಕ್ರಿ ಪಡೆಯುವುದೇ ಸುರಕ್ಷಿತ. ಈ ಅರ್ಜಿಯನ್ನು ಆ ಮದುವೆಯ ಇಬ್ಬರು ಪಕ್ಷಕಾರರಲ್ಲಿ ಒಬ್ಬರು ಮಾತ್ರ ಸಲ್ಲಿಸಬಹುದು. ಪತಿಯ ಎರಡನೆಯ ಮದುವೆಯನ್ನು ಪ್ರಶ್ನಿಸುವ ಮೊದಲ ಪತ್ನಿ ಸೆಕ್ಷನ್ 11ರ ಬದಲು ಘೋಷಣೆ ಕೋರುವ ದಾವೆ ಹೂಡಬೇಕಾಗುತ್ತದೆ.

ನಿಷೇಧಿತ ಸಂಬಂಧದ ನಿಯಮವನ್ನು ಕರ್ನಾಟಕದಲ್ಲಿ ಎಚ್ಚರಿಕೆಯಿಂದ ಓದಬೇಕು. ಸೋದರಮಾವ ಮತ್ತು ಅಕ್ಕನ ಮಗಳ ನಡುವಿನ ಮದುವೆ, ಸೋದರತ್ತೆ ಅಥವಾ ಸೋದರಮಾವನ ಮಕ್ಕಳೊಂದಿಗಿನ ಮದುವೆ ರಾಜ್ಯದ ಅನೇಕ ಸಮುದಾಯಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಅಧಿನಿಯಮದ ಪಟ್ಟಿಯಂತೆ ಇವು ನಿಷೇಧಿತವಾದರೂ, ಇಬ್ಬರಿಗೂ ಅನ್ವಯವಾಗುವ ರೂಢಿ ಅಂತಹ ಮದುವೆಗೆ ಅವಕಾಶ ನೀಡಿದ್ದರೆ ಅದು ಸಿಂಧು. ರೂಢಿಯು ದೀರ್ಘಕಾಲದಿಂದ ಅವಿಚ್ಛಿನ್ನವಾಗಿ, ಏಕರೂಪವಾಗಿ ಪಾಲನೆಯಾಗಿರಬೇಕು.

ಸೆಕ್ಷನ್ 12 ರದ್ದುಗೊಳಿಸಬಹುದಾದ ವಿವಾಹಗಳಿಗೆ ಸಂಬಂಧಿಸಿದೆ. ಇವು ನ್ಯಾಯಾಲಯ ರದ್ದುಪಡಿಸುವವರೆಗೂ ಸಿಂಧುವಾಗಿಯೇ ಇರುತ್ತವೆ. ಪ್ರತಿವಾದಿಯ ಲೈಂಗಿಕ ಅಸಾಮರ್ಥ್ಯದಿಂದಾಗಿ ದೈಹಿಕ ಸಂಬಂಧ ಏರ್ಪಡದಿರುವುದು, ಒಪ್ಪಿಗೆ ನೀಡಲು ಅಡ್ಡಿಯಾಗುವಷ್ಟು ಮಾನಸಿಕ ಅಸ್ವಸ್ಥತೆ, ಬಲವಂತ ಅಥವಾ ವಂಚನೆಯಿಂದ ಪಡೆದ ಒಪ್ಪಿಗೆ, ಮತ್ತು ಮದುವೆಯ ವೇಳೆಗೆ ವಧು ಬೇರೊಬ್ಬರಿಂದ ಗರ್ಭಿಣಿಯಾಗಿದ್ದದ್ದು ಇದರ ಆಧಾರಗಳು. ಹೆಚ್ಚು ವಿವಾದಕ್ಕೆ ಗುರಿಯಾಗುವುದು ವಂಚನೆ. 1976ರ ತಿದ್ದುಪಡಿಯ ನಂತರ, ವಿಧಿಯ ಸ್ವರೂಪದ ಬಗ್ಗೆ ಮಾತ್ರವಲ್ಲದೆ ಪ್ರತಿವಾದಿಗೆ ಸಂಬಂಧಿಸಿದ ಯಾವುದೇ ಮಹತ್ವದ ಸಂಗತಿಯ ಬಗ್ಗೆ ನಡೆದ ವಂಚನೆಯೂ ಇದರಲ್ಲಿ ಸೇರುತ್ತದೆ. ಹಿಂದಿನ ಮದುವೆಯನ್ನು ಮುಚ್ಚಿಟ್ಟದ್ದು ಸ್ಪಷ್ಟ ಉದಾಹರಣೆ. ಮದುವೆ ಮಾತುಕತೆಯಲ್ಲಿ ಆಡಿದ ಪ್ರತಿ ಅತಿಶಯೋಕ್ತಿಯೂ ವಂಚನೆಯಲ್ಲ; ಸತ್ಯ ತಿಳಿದಿದ್ದರೆ ಅರ್ಜಿದಾರರು ಮದುವೆಗೆ ಒಪ್ಪುತ್ತಿರಲಿಲ್ಲ ಎಂಬಷ್ಟು ಅದು ಮುಖ್ಯವಾಗಿರಬೇಕು.

ಅನೇಕ ಅರ್ಜಿಗಳು ಎಡವುವುದು ದಿನಾಂಕದಲ್ಲಿ. ಬಲವಂತ ನಿಂತ ಅಥವಾ ವಂಚನೆ ಬೆಳಕಿಗೆ ಬಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಸತ್ಯ ತಿಳಿದ ಮೇಲೂ ಅರ್ಜಿದಾರರು ಸ್ವಇಚ್ಛೆಯಿಂದ ಸಂಗಾತಿಯೊಡನೆ ಬಾಳಿದ್ದರೆ ಈ ಆಧಾರ ಉಳಿಯುವುದಿಲ್ಲ. ಹಿರಿಯರ ಪಂಚಾಯಿತಿಯ ಮಾತಿಗೆ ಗೌರವ ಕೊಟ್ಟು ಕೆಲವು ತಿಂಗಳು ಹೊಂದಿಕೊಂಡು ನೋಡುವುದು ಇಲ್ಲಿ ಅರ್ಜಿದಾರರಿಗೇ ಮುಳುವಾಗಬಹುದು. ಗರ್ಭಧಾರಣೆಯ ಆಧಾರದಲ್ಲಿ ಒಂದು ವರ್ಷವನ್ನು ಮದುವೆಯ ದಿನದಿಂದಲೇ ಎಣಿಸಲಾಗುತ್ತದೆ.

ಬಾಲ್ಯವಿವಾಹ ಮತ್ತು ಕರ್ನಾಟಕದ ತಿದ್ದುಪಡಿ

2006ರ ಬಾಲ್ಯವಿವಾಹ ನಿಷೇಧ ಅಧಿನಿಯಮದಂತೆ 18 ತುಂಬದ ಹುಡುಗಿ ಅಥವಾ 21 ತುಂಬದ ಹುಡುಗನ ಮದುವೆ ತಾನಾಗಿ ಅನೂರ್ಜಿತವಲ್ಲ. ಬಾಲ್ಯದಲ್ಲಿ ಮದುವೆಯಾದವರು ಪ್ರಾಪ್ತ ವಯಸ್ಸಿಗೆ ಬಂದ ಎರಡು ವರ್ಷದೊಳಗೆ ಅದನ್ನು ರದ್ದುಪಡಿಸಲು ಕೋರಬಹುದು. ಕರ್ನಾಟಕ ಈ ಸ್ಥಿತಿಯನ್ನು ಬದಲಿಸಿತು. ನಿವೃತ್ತ ನ್ಯಾಯಮೂರ್ತಿ ಶಿವರಾಜ್ ವಿ. ಪಾಟೀಲ್ ಸಮಿತಿಯ ಶಿಫಾರಸಿನಂತೆ ರೂಪುಗೊಂಡ 2016ರ ತಿದ್ದುಪಡಿಗೆ 2017ರ ಏಪ್ರಿಲ್ 20ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದು ಜಾರಿಗೆ ಬಂದ ಮೇಲೆ ರಾಜ್ಯದಲ್ಲಿ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಮೊದಲಿನಿಂದಲೇ ಅನೂರ್ಜಿತ. ಅದೇ ವರ್ಷದ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್, ಇಂಡಿಪೆಂಡೆಂಟ್ ಥಾಟ್ ಪ್ರಕರಣದ ತೀರ್ಪಿನಲ್ಲಿ, ಇತರ ರಾಜ್ಯಗಳೂ ಕರ್ನಾಟಕದ ಮಾರ್ಗ ಅನುಸರಿಸಲಿ ಎಂದು ಆಶಿಸಿತು.

ಹಳೆಯ ಮದುವೆಗಳ ಮಾತು ಬೇರೆ. 2012ರಲ್ಲಿ ನಡೆದ, ವಧುವಿಗೆ 18 ತುಂಬಿರದ ಮದುವೆಯೊಂದನ್ನು ಕೆಳ ನ್ಯಾಯಾಲಯ ಸೆಕ್ಷನ್ 11ರಡಿ ಅನೂರ್ಜಿತವೆಂದು ಘೋಷಿಸಿತ್ತು. ವಯಸ್ಸಿನ ಷರತ್ತಿನ ಉಲ್ಲಂಘನೆಯನ್ನು ಆ ಸೆಕ್ಷನ್ ಒಳಗೊಂಡಿಲ್ಲ ಎಂಬ ಕಾರಣದಿಂದ ಕರ್ನಾಟಕ ಹೈಕೋರ್ಟ್ 2023ರ ಜನವರಿಯಲ್ಲಿ ಆ ಆದೇಶವನ್ನು ತಳ್ಳಿಹಾಕಿತು.

ಇತರ ಕಾನೂನುಗಳು

1954ರ ವಿಶೇಷ ವಿವಾಹ ಅಧಿನಿಯಮದಡಿ ಮದುವೆಯಾದವರಿಗೆ ಅದರದೇ ಸೆಕ್ಷನ್ 24 ಮತ್ತು 25 ಅನ್ವಯಿಸುತ್ತವೆ. ಸಂಗಾತಿ ಉದ್ದೇಶಪೂರ್ವಕವಾಗಿ ದೈಹಿಕ ಸಂಬಂಧ ನಿರಾಕರಿಸಿದ್ದು ಇಲ್ಲಿ ರದ್ದತಿಗೆ ಆಧಾರ. ಹಿಂದೂ ವಿವಾಹ ಅಧಿನಿಯಮದಲ್ಲಿ ಹಾಗಿಲ್ಲ. ಕ್ರೈಸ್ತರಿಗೆ 1869ರ ವಿಚ್ಛೇದನ ಅಧಿನಿಯಮ ಅನ್ವಯಿಸುತ್ತದೆ. ಚರ್ಚ್‌ನ ಧಾರ್ಮಿಕ ನ್ಯಾಯಮಂಡಳಿ ನೀಡುವ ರದ್ದತಿಗೆ ನಾಗರಿಕ ಕಾನೂನಿನ ಮಾನ್ಯತೆ ಇಲ್ಲ. ಆ ಮಾನ್ಯತೆ ಕೋರಿ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ವಜಾಗೊಳಿಸಿತು.

ಅರ್ಜಿ, ನ್ಯಾಯಾಲಯ ಮತ್ತು ವಕೀಲರು

ಹಿಂದೂ ವಿವಾಹ ಅಧಿನಿಯಮದ ಸೆಕ್ಷನ್ 19ರಂತೆ ಮದುವೆ ನಡೆದ ಸ್ಥಳ, ಪ್ರತಿವಾದಿ ವಾಸಿಸುವ ಸ್ಥಳ ಅಥವಾ ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಸ್ಥಳದ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿದಾರಳು ಪತ್ನಿಯಾಗಿದ್ದರೆ 2003ರ ತಿದ್ದುಪಡಿಯಂತೆ ಅವಳು ವಾಸಿಸುವ ಸ್ಥಳದಲ್ಲಿಯೂ ಸಲ್ಲಿಸಬಹುದು. ಕುಂದಲಹಳ್ಳಿ, ವೈಟ್‌ಫೀಲ್ಡ್‌ನಂತಹ ಪ್ರದೇಶಗಳಿಗೆ ಉದ್ಯೋಗಕ್ಕಾಗಿ ಬಂದು ನೆಲೆಸಿದವರಿಗೆ ಇದು ಮುಖ್ಯ: ಕಲಬುರಗಿಯಲ್ಲೋ ಹಾಸನದಲ್ಲೋ ಮದುವೆಯಾಗಿ ಕುಂದಲಹಳ್ಳಿಯಲ್ಲಿ ಮನೆ ಮಾಡಿದ್ದ ದಂಪತಿಯ ಪ್ರಕರಣ ಬೆಂಗಳೂರಿನಲ್ಲೇ ನಡೆಯಬಹುದು, ಊರಿಗೆ ಅಲೆಯಬೇಕಾಗಿಲ್ಲ. ನಗರದ ಕೌಟುಂಬಿಕ ನ್ಯಾಯಾಲಯಗಳು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿವೆ.

1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ ಸೆಕ್ಷನ್ 13ರಂತೆ ವಕೀಲರ ಮೂಲಕ ವಾದಿಸುವುದು ಪಕ್ಷಕಾರರ ಹಕ್ಕಲ್ಲ. ಆದರೂ ಅನುಮತಿ ಪಡೆದು ವಕೀಲರು ಹಾಜರಾಗುವುದು ರೂಢಿಯಲ್ಲಿದೆ. ಅವರ ಮುಖ್ಯ ಕೆಲಸ ನಡೆಯುವುದು ವಾದಕ್ಕಿಂತ ಮೊದಲೇ: ಯಾವ ಕಾನೂನು, ಯಾವ ಆಧಾರ ಎಂಬುದನ್ನು ಗುರುತಿಸುವುದು, ಕಾಲಮಿತಿ ಲೆಕ್ಕಹಾಕುವುದು, ಆಧಾರ ದುರ್ಬಲವಾಗಿದ್ದರೆ ವಿಚ್ಛೇದನದ ದಾರಿ ತೋರಿಸುವುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ನೆರವಿಗೆ ಅರ್ಹರು.

ಇಬ್ಬರೂ ಒಪ್ಪಿದ ಮಾತ್ರಕ್ಕೆ ಡಿಕ್ರಿ ದೊರೆಯುವುದಿಲ್ಲ, ಆಧಾರ ಸಾಬೀತಾಗಬೇಕು. ವೈವಾಹಿಕ ಜಾಲತಾಣದ ವಿವರ, ವಾಟ್ಸ್‌ಆ್ಯಪ್ ಸಂದೇಶ ಮೊದಲಾದ ವಿದ್ಯುನ್ಮಾನ ದಾಖಲೆಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೋಡಿಸಲಾಗುತ್ತದೆ. ನ್ಯಾಯಾಲಯ ವೈದ್ಯಕೀಯ ಪರೀಕ್ಷೆಗೆ ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ. ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ. ಮದುವೆ ನೋಂದಣಿ ಪತ್ರವೊಂದೇ ವಿವಾಹವನ್ನು ಸಿಂಧುಗೊಳಿಸದು. ವಿಧಿಗಳೇ ನಡೆಯದೆ ಕೇವಲ ಪ್ರಮಾಣಪತ್ರ ಪಡೆದಿದ್ದ ಜೋಡಿಯೊಂದರ ಮದುವೆಯನ್ನು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ.

ಮಕ್ಕಳು ಮತ್ತು ಜೀವನಾಂಶ

ವಿವಾಹ ಅನೂರ್ಜಿತವಾದರೂ ಮಕ್ಕಳು ಅನೌರಸರಾಗುವುದಿಲ್ಲ. ಸೆಕ್ಷನ್ 16 ಅವರಿಗೆ ಔರಸ ಸ್ಥಾನ ನೀಡಿ, ಹಕ್ಕನ್ನು ತಂದೆ ತಾಯಿಯ ಆಸ್ತಿಗೆ ಸೀಮಿತಗೊಳಿಸುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯ ಗತಿಯೇನು ಎಂಬ ಪ್ರಶ್ನೆಯನ್ನು ಇತ್ಯರ್ಥಪಡಿಸಿದ್ದು ಕರ್ನಾಟಕದಿಂದ ಹೋದ, ರೇವಣಸಿದ್ದಪ್ಪ ಪ್ರಕರಣವೆಂದು ಹೆಸರಾದ ಮೇಲ್ಮನವಿ. ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ನೇತೃತ್ವದ ಪೀಠವು 2023ರ ಸೆಪ್ಟೆಂಬರ್ 1ರಂದು ನೀಡಿದ ತೀರ್ಪಿನಂತೆ, ಅಂತಹ ಮಕ್ಕಳು ಹುಟ್ಟಿನಿಂದ ಸಹದಾಯಾದಿಗಳಾಗುವುದಿಲ್ಲ. ಆದರೆ ಕಾಲ್ಪನಿಕ ವಿಭಜನೆಯಲ್ಲಿ ತಂದೆ ಅಥವಾ ತಾಯಿಗೆ ಸಲ್ಲುತ್ತಿದ್ದ ಭಾಗದಲ್ಲಿ ಅವರಿಗೂ ಪಾಲುಂಟು.

ಮೊದಲ ಮದುವೆಯನ್ನು ಬಚ್ಚಿಟ್ಟ ವ್ಯಕ್ತಿಯನ್ನು ವರಿಸಿದ ಮಹಿಳೆಗೆ ಜೀವನಾಂಶ ಕೇಳುವ ಹಕ್ಕಿದೆಯೇ ಎಂಬ ವಿಚಾರದಲ್ಲಿ ಬಹುಕಾಲ ಭಿನ್ನ ತೀರ್ಪುಗಳಿದ್ದವು. ಸೆಕ್ಷನ್ 11ರಡಿ ಅನೂರ್ಜಿತವಾದ ವಿವಾಹದ ಪಕ್ಷಕಾರರೂ ಸೆಕ್ಷನ್ 25ರಂತೆ ಶಾಶ್ವತ ಜೀವನಾಂಶ ಕೋರಬಹುದು, ಅದನ್ನು ನೀಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2025ರ ಫೆಬ್ರುವರಿ 12ರಂದು ಹೇಳಿತು. ಹಿಂದಿನ ಮದುವೆಯನ್ನು ಮುಚ್ಚಿಟ್ಟು ಮದುವೆಯಾಗುವುದು ಇದಲ್ಲದೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 82ರಡಿ ಅಪರಾಧವೂ ಹೌದು.