ಹೊಸ ಕಾರಿನ ಹಿಂದಿನ ಸೀಟು

ಹೊಸ ಕಾರು ಮನೆಗೆ ಬಂದ ದಿನ ತುಮಕೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಸಣ್ಣ ಹಬ್ಬವೇ ನಡೆಯುತ್ತದೆ. ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿಗೆ ಹೂವಿನ ಹಾರ, ಅರಿಶಿನ, ಕುಂಕುಮ. ಆಮೇಲೆ ಇಡೀ ಸಂಸಾರ ಹೊರಡುವುದು ಗುಬ್ಬಿಯ ಚನ್ನಬಸವೇಶ್ವರನ ಗುಡಿಗೋ, ಕುಣಿಗಲ್ ದಾಟಿ ಎಡೆಯೂರಿನ ಸಿದ್ಧಲಿಂಗೇಶ್ವರನ ಸನ್ನಿಧಿಗೋ. ಸ್ಟೀರಿಂಗ್ ಹಿಡಿದ ಯಜಮಾನರು, ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಮನೆಯಾಕೆ, ಹಿಂದೆ ಅಜ್ಜ, ಅಜ್ಜಿ, ಅವರಿಬ್ಬರ ನಡುವೆ ನಿಂತು ರಸ್ತೆ ನೋಡುವ ದೊಡ್ಡ ಮಗ. ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರುವುದಿಲ್ಲ. ಹಿಂದಿನ ಬೆಲ್ಟಿನ ಕೊಂಡಿ ಆ ಹಾಳೆಯಡಿ ಎಲ್ಲೋ ಹೂತುಹೋಗಿರುತ್ತದೆ.

ಮಧ್ಯಮ ವರ್ಗದ ಕೈಗೆಟಕುವ ಡಿಕ್ಕಿಯುಳ್ಳ ಕಾರುಗಳು ಈಗ ಬಹಳ ಸುಧಾರಿಸಿವೆ. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈನಲ್ಲಿ. 2024ರ ನವೆಂಬರ್‌ನಲ್ಲಿ ಬಂದ ಹೊಸ ಡಿಸೈರ್ ಕಾರಿನ ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್‌ಗಳಿವೆ. ವಯಸ್ಕರ ಸುರಕ್ಷತೆಯ ಪರೀಕ್ಷೆಯಲ್ಲಿ ಅದಕ್ಕೆ ಐದು ನಕ್ಷತ್ರಗಳೂ ದೊರೆತವು. ಸಂತೋಷದ ವಿಷಯವೇ. ಆದರೆ ಆ ನಕ್ಷತ್ರಗಳನ್ನು ಗಳಿಸಿಕೊಟ್ಟ ಬೊಂಬೆಗಳು ಬೆಲ್ಟು ಕಟ್ಟಿಕೊಂಡು ಕುಳಿತಿದ್ದವು ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಮರಕ್ಕೆ ಗುದ್ದಿ ನಿಂತರೆ ಆಗುವ ಪೆಟ್ಟು ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ಮಾಳಿಗೆಯಿಂದ, ಬಿದ್ದಷ್ಟಾಗುತ್ತದೆ. ಅಲ್ಲಿ ನಡೆಯುವುದು ಒಂದು ಪೆಟ್ಟಲ್ಲ, ಮೂರು. ಮೊದಲು ಕಾರು ಮರಕ್ಕೆ ಗುದ್ದುತ್ತದೆ. ಕಾರು ನಿಂತರೂ ಅದೇ ವೇಗದಲ್ಲಿ ಮುಂದೆ ಸಾಗುವ ದೇಹ ಸ್ಟೀರಿಂಗಿಗೋ ಮುಂದಿನ ಸೀಟಿಗೋ ಅಪ್ಪಳಿಸುತ್ತದೆ. ದೇಹ ನಿಂತ ಮೇಲೆ ಒಳಗಿರುವ ಮಿದುಳು ತಲೆಬುರುಡೆಗೆ ಬಡಿಯುತ್ತದೆ. ಯಕೃತ್ತು, ಗುಲ್ಮ, ಹೃದಯದಿಂದ ಹೊರಡುವ ಮಹಾಧಮನಿ ಜಗ್ಗಿ ಹರಿಯಬಹುದು. ಹೊರಗೆ ಒಂದು ತೊಟ್ಟು ರಕ್ತ ಕಾಣದಿದ್ದರೂ ಪ್ರಾಣ ಹೋಗುವುದು ಈ ಮೂರನೆಯ ಪೆಟ್ಟಿನಿಂದ. ಬೆಲ್ಟು ದೇಹವನ್ನು ಕಾರಿನ ಜೊತೆಗೇ ನಿಧಾನಗೊಳಿಸಿ, ಪೆಟ್ಟನ್ನು ಗಟ್ಟಿ ಎಲುಬುಗಳ ಮೇಲೆ, ಅಂದರೆ ಸೊಂಟ, ಎದೆಗೂಡು ಮತ್ತು ಭುಜದ ಮೇಲೆ ಹಂಚುತ್ತದೆ. ಏರ್‌ಬ್ಯಾಗ್ ಬೆಲ್ಟಿಗೆ ಸಹಾಯಕ ಮಾತ್ರ, ಬದಲಿ ಅಲ್ಲ.

'ಮಗುವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನಲ್ಲ' ಎನ್ನುತ್ತಾರೆ ತಾಯಂದಿರು. ಮೇಲೆ ಹೇಳಿದ ಅಪಘಾತದಲ್ಲಿ ಹತ್ತು ಕೆ.ಜಿ. ತೂಕದ ಮಗು ಆ ಒಂದು ಕ್ಷಣ ಇನ್ನೂರು ಕೆ.ಜಿ.ಗೂ ಹೆಚ್ಚಿನ ಬಲದಿಂದ ಮುಂದಕ್ಕೆ ಜಗ್ಗುತ್ತದೆ. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು. ಇನ್ನು ಮುಂದಿನ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಉಬ್ಬುತ್ತದೆ. ತೊಡೆಯ ಮೇಲಿನ ಮಗುವಿನ ತಲೆ ಅದರ ದಾರಿಯಲ್ಲೇ ಇರುತ್ತದೆ. ದೊಡ್ಡವರ ಜೀವ ಉಳಿಸುವ ಚೀಲ ಮಗುವಿನ ಕುತ್ತಿಗೆ ಮುರಿಯಬಲ್ಲದು. ಆದ್ದರಿಂದ ಮಕ್ಕಳ ಜಾಗ ಹಿಂದಿನ ಸೀಟು, ಅದೂ ಅವರ ಅಳತೆಗೆ ತಕ್ಕ ಆಸನದಲ್ಲಿ. ಕೂಸುಗಳನ್ನು ಕಾರಿನ ಹಿಂಬದಿಗೆ ಮುಖ ಮಾಡಿದ ಆಸನದಲ್ಲಿ ಮಲಗಿಸಬೇಕು. ಅದನ್ನು ಸಿಕ್ಕಿಸಲು ಹಿಂದಿನ ಸೀಟಿನ ಬುಡದಲ್ಲಿ ಲೋಹದ ಕೊಂಡಿಗಳನ್ನು ಕಂಪನಿಯವರೇ ಕೊಟ್ಟಿರುತ್ತಾರೆ. ಸ್ಟೀರಿಯೋಗೆ, ಸೀಟಿನ ಹೊದಿಕೆಗೆ ಖರ್ಚು ಮಾಡುವವರಿಗೆ ಈ ಆಸನ ದುಬಾರಿಯಾಗಿ ಕಾಣುವುದು ವಿಚಿತ್ರ. ಮಗು ಸುಮಾರು 145 ಸೆಂ.ಮೀ. ಎತ್ತರ ಬೆಳೆಯುವವರೆಗೆ ದೊಡ್ಡವರ ಬೆಲ್ಟು ಅದಕ್ಕೆ ಸರಿಹೊಂದುವುದಿಲ್ಲ. ಕುತ್ತಿಗೆಗೆ, ಮೆತ್ತನೆಯ ಹೊಟ್ಟೆಗೆ ಒತ್ತುತ್ತದೆ. ಅಷ್ಟರವರೆಗೆ ಎತ್ತರಿಸುವ ಪೀಠ ಬೇಕು.

ಹಿಂದೆ ಕುಳಿತವರಿಗೆ ಬೆಲ್ಟು ಬೇಡವೆಂಬುದು ಎರಡನೆಯ ತಪ್ಪು ಕಲ್ಪನೆ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ. ಅವರು ಬೆಲ್ಟು ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಹಿಂದಿನವರು ಬೆಲ್ಟು ಕಟ್ಟದಿದ್ದರೆ ಬೆಲ್ಟು ಕಟ್ಟಿಕೊಂಡ ಮುಂದಿನವರಿಗೂ ಅಪಾಯ. ಅಜ್ಜನ ಅರವತ್ತು ಕೆ.ಜಿ. ದೇಹ ಚಾಲಕನ ಬೆನ್ನಿಗೇ ಬಂದು ಬಡಿಯುತ್ತದೆ. ಹಿಂದಿನ ಬೆಲ್ಟು ಕಾನೂನಿನ ಪ್ರಕಾರವೂ ಕಡ್ಡಾಯ. 2019ರ ತಿದ್ದುಪಡಿಯಂತೆ ದಂಡ 1000 ರೂಪಾಯಿ.

'ಗುಬ್ಬಿ ಏನು ದೂರ, ಇಪ್ಪತ್ತು ಕಿಲೋಮೀಟರು' ಎಂಬ ಮಾತು ಸಾಮಾನ್ಯ. ದೂರ ಎಷ್ಟೇ ಇರಲಿ, ದೀಪವಿಲ್ಲದೆ ನಿಂತ ತೆಂಗಿನಕಾಯಿ ಟ್ರ್ಯಾಕ್ಟರಾಗಲಿ ಹೆಬ್ಬೂರಿನ ಕಡೆ ಹಠಾತ್ತನೆ ಅಡ್ಡ ಬರುವ ಹಸುವಾಗಲಿ ಕಿಲೋಮೀಟರು ಎಣಿಸಿ ಬರುವುದಿಲ್ಲ. ಕೆಲವರಂತೂ ಎಚ್ಚರಿಕೆಯ ಗಂಟೆಯ ಕಾಟ ತಪ್ಪಿಸಲು ಖಾಲಿ ಕೊಂಡಿಯೊಂದನ್ನು ಕೊಂಡು ತಂದು ಸಿಕ್ಕಿಸುತ್ತಾರೆ. ಇವುಗಳ ಮಾರಾಟ ನಿಲ್ಲಿಸುವಂತೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಆದೇಶಿಸಬೇಕಾಯಿತು.

ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆ ಸೇರುವಲ್ಲಿ ಸೊಂಟದ ಎಲುಬಿನ ಮೇಲೆ ಕೂರಬೇಕು. ಮೇಲ್ಪಟ್ಟಿ ಭುಜದ ನಡುವಿನಿಂದ ಎದೆಯ ಮೇಲೆ ಹಾಯಬೇಕು. ಕಂಕುಳಡಿ ಸೇರಿಸಿಕೊಳ್ಳುವ ಅಭ್ಯಾಸ ಪಕ್ಕೆಲುಬು ಮುರಿಯುತ್ತದೆ. ಗರ್ಭಿಣಿಯರೂ ಬೆಲ್ಟು ಕಟ್ಟಲೇಬೇಕು: ಕೆಳಪಟ್ಟಿ ಉಬ್ಬಿದ ಹೊಟ್ಟೆಯ ಕೆಳಗೆ, ಮೇಲ್ಪಟ್ಟಿ ಸ್ತನಗಳ ನಡುವೆ. ಚಾಲಕನ ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ. ತಲೆದಿಂಬಿನ ಮೇಲಂಚು ನೆತ್ತಿಯ ಮಟ್ಟಕ್ಕೆ ಬರಬೇಕು. ಹಿಂದಿನಿಂದ ಲಾರಿ ಗುದ್ದಿದಾಗ ಕುತ್ತಿಗೆ ಉಳಿಸುವುದು ಅದೇ.

ಭಕ್ತರು ಬೇಸರಿಸಬಾರದು, ಇನ್ನೊಂದು ಮಾತು. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಎಂದು ಬರೆದಿರುವ ಕಡೆ ಕಲ್ಲಿನ ಅಥವಾ ಲೋಹದ ಗಣಪತಿಯನ್ನು ಅಂಟಿಸಬೇಡಿ. ಚೀಲ ಸಿಡಿದಾಗ ವಿಗ್ರಹ ಗುಂಡಿನಂತೆ ಎದುರು ಕುಳಿತವರ ಮುಖಕ್ಕೇ ಬರುತ್ತದೆ. ಸಣ್ಣ ಚಿತ್ರಪಟವನ್ನು ಬೇರೆಡೆ ಇಟ್ಟರೂ ದೇವರು ದೇವರೇ. ಸೀಟಿನ ಪಕ್ಕದಿಂದ ಏರ್‌ಬ್ಯಾಗ್ ಬರುವ ಕಾರುಗಳಿಗೆ ಸಾಮಾನ್ಯ ಹೊದಿಕೆ ಹಾಕಿಸಿದರೆ ಚೀಲ ಬಿಚ್ಚಿಕೊಳ್ಳಲು ಅಡ್ಡಿಯಾಗುತ್ತದೆ. ಮುಂಭಾಗಕ್ಕೆ ಕಬ್ಬಿಣದ ಗಾರ್ಡನ್ನೂ ಹಾಕಿಸಬೇಡಿ.

ಅಪಘಾತವಾದ ಮೇಲೆ ಎದೆ ಅಥವಾ ಹೊಟ್ಟೆಯ ಮೇಲೆ ಬೆಲ್ಟಿನ ಅಗಲಕ್ಕೆ ಕಂದಿದ ಗುರುತು ಕಂಡರೆ, ರೋಗಿ ನಡೆದಾಡುತ್ತಿದ್ದರೂ ಮನೆಗೆ ಕರೆದೊಯ್ಯಬೇಡಿ. ಒಳಗೆ ಕರುಳು ಅಥವಾ ಗುಲ್ಮಕ್ಕೆ ಪೆಟ್ಟಾಗಿರಬಹುದು. ಹೊಟ್ಟೆನೋವು, ವಾಂತಿ, ತಲೆಸುತ್ತು ಕೆಲವು ಗಂಟೆಗಳ ನಂತರ ಕಾಣಿಸಬಹುದು. 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಿ. ವೈದ್ಯರು ನೋಡುವವರೆಗೆ ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ.